ಆತಕೂರಿನ ಕಾಳಿಯೂ ಆರು ಸೆಂಟ್ಸಿನ ಮನೆಯೂ

ನಾಯಿಗೆ ಎಷ್ಟು ಜಾಗ ಬೇಕೆಂಬ ಪ್ರಶ್ನೆಗೆ ನಮ್ಮ ನಾಡಿನ ಚರಿತ್ರೆಯಲ್ಲಿ ನನಗೆ ದೊರೆತ ಅತ್ಯಂತ ಉದಾರವಾದ ಉತ್ತರವೆಂದರೆ ಎರಡು ಖಂಡುಗ. ಅದೂ ಸತ್ತ ನಾಯಿಗೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿದ್ದ ಕಲ್ಲೊಂದು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕನ್ನಡ ಎಂ.ಎ. ತರಗತಿಯಲ್ಲಿ ಶಾಸನಗಳನ್ನು ಓದಿದವರಿಗೆಲ್ಲ ಅದರ ಪರಿಚಯವುಂಟು. ಕಲ್ಲಿನಲ್ಲಿ ಒಂದು ನಾಯಿಯೂ ಒಂದು ಕಾಡುಹಂದಿಯೂ ಹೋರಾಡುತ್ತಿರುವ ಚಿತ್ರ. ಅದರೊಡನೆ ಹಳಗನ್ನಡದ ಬರಹ. ಶಕವರ್ಷ 872, ಸೌಮ್ಯ ಸಂವತ್ಸರ. ಕ್ರಿಸ್ತಶಕದ ಲೆಕ್ಕದಲ್ಲಿ 949-50. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಕಾಲವದು. ರಾಜಾದಿತ್ಯನನ್ನು ಕೊಂದವನು ಗಂಗರ ಇಮ್ಮಡಿ ಬೂತುಗ. ಅವನಿಗೆ ಬನವಾಸಿ ಹನ್ನೆರಡು ಸಾವಿರವೂ ಬೆಳ್ವೊಲ, ಪುರಿಗೆರೆ ಮುನ್ನೂರುಗಳೂ ಬಹುಮಾನವಾಗಿ ಬಂದವು. ಬೂತುಗನ ಆಳು ಮಣಲೆರ. ಅವನೂ ಮುಂದೆ ನಿಂತು ಕಾದಿದವನೇ. ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೊಳ್ಳೆಂದಾಗ ಮಣಲೆರನು ಬೇಡಿದ್ದು ಹೊನ್ನನ್ನಲ್ಲ, ಹೆಣ್ಣನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆತಕೂರೇ ಮುಂತಾದ ಊರುಗಳೂ ಅವನಿಗೆ ಬಂದುವೆನ್ನಿ, ಅದೂ ಆ ಕಲ್ಲಿನಲ್ಲೇ ಇದೆ. ಆದರೆ ಬಾಯಿಬಿಟ್ಟು ಕೇಳಿದ್ದು ನಾಯಿಯನ್ನು.

ಮುಂದೆ ಕೆಳಲೆನಾಡಿನ ಬೆಳತೂರಿನ ಬಳಿಯ ಗುಡ್ಡದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಒಟ್ಟಿಗೆ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರ ದೇಗುಲದೆದುರು ಕಲ್ಲು ನಡಿಸಿ, ದೊಡ್ಡಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಅದಕ್ಕೆ ಬಿಟ್ಟನು. ಈ ಭೂಮಿಯನ್ನು ಕೆಡಿಸಿದವನಿಗೆ ಆ ನಾಯಿ ಮಾಡಿದ ಪಾಪ ತಟ್ಟಲಿ ಎಂದು ಶಾಪ. ಅಷ್ಟಕ್ಕೆ ನಿಲ್ಲಲಿಲ್ಲ: ದೇಗುಲದ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ.

ಫ್ಲೀಟರೂ ರೈಸರೂ ಪ್ರಕಟಿಸಿದ ಈ ಶಾಸನವನ್ನು ನಾನು ಹಲವು ವರ್ಷ ಪಾಠ ಹೇಳಿದ್ದೇನೆ. ವಿದ್ಯಾರ್ಥಿಗಳು ತಕ್ಕೋಲದ ಯುದ್ಧವನ್ನು ಬರೆದುಕೊಳ್ಳುತ್ತಾರೆ. ಪರೀಕ್ಷೆಗೆ ಬರುವುದು ಅದೇ ತಾನೆ. ನನ್ನ ಮನಸ್ಸು ಮಾತ್ರ ಈಚೆಗೆ ಗೊರವನ ಊಟದ ಷರತ್ತಿನ ಬಳಿ ನಿಂತುಬಿಡುತ್ತದೆ. ಮಣಲೆರನಿಗೆ ಜಾಗದ ಚಿಂತೆಯಿರಲಿಲ್ಲ, ಜಾಗ ಕೊಟ್ಟ. ಜಾಗ ಕೊಟ್ಟರೆ ಸಾಲದೆಂದೂ ಅವನಿಗೆ ಗೊತ್ತಿತ್ತು. ದಿನದಿನವೂ ಒಬ್ಬನು ತನ್ನ ತುತ್ತಿಗೆ ಮೊದಲು ಎದ್ದುಹೋಗಿ ಮಾಡಬೇಕಾದ ಕೆಲಸವೊಂದಿದೆ ಎಂಬುದನ್ನು ಕಲ್ಲಿನಲ್ಲೇ ಕಡೆಯಿಸಿಟ್ಟ.

ಈ ವಿಚಾರ ನನ್ನನ್ನು ಕಾಡುವುದಕ್ಕೆ ಕಾರಣ ಕಾಪುವಿನ ನಮ್ಮ ಮನೆ. ಖಂಡುಗವೆಂದರೆ ಅಷ್ಟು ಬೀಜ ಬಿತ್ತುವ ನೆಲವಷ್ಟೆ. ತುಳುನಾಡಿನಲ್ಲಿ ಇದೇ ಬಗೆಯ ಲೆಕ್ಕ ಮುಡಿಯದು. ಕಾಪುವಿನ ಮದ್ದ ಹೆಗ್ಗಡೆಯು ಧರ್ಮನಾಥ ಬಸದಿಗೆ ಭೂಮಿ ಬಿಟ್ಟ 1556ರ ತಾಮ್ರಶಾಸನದ ಕಾಲಕ್ಕೆ ನೆಲವೆಂದರೆ ಬೆಳೆಯುವ ನೆಲ, ಅಳತೆಯೆಂದರೆ ಬತ್ತದ ಅಳತೆ. ಈಗ ಅದೇ ಊರಿನಲ್ಲಿ ನಾವು ಸೆಂಟ್ಸಿನಲ್ಲಿ ಮಾತನಾಡುತ್ತೇವೆ: ಎಕರೆಯ ನೂರನೆಯ ಒಂದು ಪಾಲು, 435 ಚದರ ಅಡಿಗಿಂತ ತುಸು ಹೆಚ್ಚು. ನಮ್ಮದು ಆರು ಸೆಂಟ್ಸು. ಅದರಲ್ಲಿ ಮನೆ, ಬಾವಿ, ಬಟ್ಟೆ ಒಗೆಯುವ ಕಲ್ಲು, ಎರಡು ತೆಂಗಿನ ಮರ, ನನ್ನ ಸ್ಕೂಟರು. ಉಳಿದುದರಲ್ಲಿ ಮೂರು ದೊಡ್ಡ ನಾಯಿಗಳು. ಎರಡು ಮುಧೋಳ ತಳಿಯವು, ಮಗನು ಆಸೆಪಟ್ಟು ತಂದವು. ಮೂರನೆಯದು ಜರ್ಮನ್ ಶೆಫರ್ಡ್. ಗಲ್ಫಿಗೆ ಹೊರಟ ಬಂಧುವೊಬ್ಬರು ಆರು ತಿಂಗಳ ಮಟ್ಟಿಗೆಂದು ಬಿಟ್ಟುಹೋದದ್ದು. ಆ ಆರು ತಿಂಗಳಿಗೆ ಈಗ ಮೂರು ವರ್ಷ ತುಂಬಿತು.

ಪಕ್ಕದ ಮನೆಯ ಹಿರಿಯ ಹೆಂಗಸು ಒಂದು ಬೆಳಿಗ್ಗೆ ಗೇಟಿನ ಬಳಿ ನಿಂತು ಹೇಳಿದರು: "ಮಾಷ್ಟ್ರೇ, ಇವರು ಹಾಸಿಗೆ ಹಿಡಿದದ್ದು ನಿಮಗೆ ಗೊತ್ತುಂಟಲ್ಲ. ರಾತ್ರಿ ಇಡೀ ನಿಮ್ಮ ನಾಯಿಗಳ ಬೊಬ್ಬೆ. ಕಣ್ಣು ಮುಚ್ಚಲಿಕ್ಕೆ ಬಿಡುವುದಿಲ್ಲ. ಇಷ್ಟು ಸಣ್ಣ ಜಾಗದಲ್ಲಿ ಮೂರು ಮೂರು ಬೇಕಾ? ಒಂದನ್ನಾದರೂ ಯಾರಿಗಾದರೂ ಕೊಟ್ಟುಬಿಡಿ."

"ಏನಾದರೊಂದು ಮಾಡ್ತೇನೆ ಅಕ್ಕ" ಎಂದೆ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಸಿಟ್ಟಿಗಾದರೆ ಉತ್ತರ ಕೊಡಬಹುದು.

ಜಾಗ ಸಣ್ಣದೆಂಬುದು ನಿಜ. ಆದರೆ ಅದು ಸಣ್ಣದಾದದ್ದು ಯಾವಾಗ, ಮೊದಲು ನಾಯಿ ಎಲ್ಲಿರುತ್ತಿತ್ತು? ಘಟ್ಟದ ಮೇಲಿನ ಹಳ್ಳಿಗಳಂತೆ ನಮ್ಮಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ಕೂಡಿರಲಿಲ್ಲ. ಗುತ್ತಿನ ಮನೆಯಾದರೆ ಚಾವಡಿ, ಅಂಗಳ, ಹಟ್ಟಿ, ಅದರಾಚೆ ಬೈಲಿನ ಗದ್ದೆ. ಬಡ ಒಕ್ಕಲ ಮುಳಿಹುಲ್ಲಿನ ಮನೆಯಾದರೂ ಅದಕ್ಕೊಂದು ಅಂಗಳ, ಸುತ್ತ ತೋಟವೋ ಗುಡ್ಡೆಯೋ ಇರುತ್ತಿತ್ತು. ಅಲ್ಲಿ ನಾಯಿಯನ್ನು ಇಟ್ಟುಕೊಳ್ಳುವುದೆಂಬ ಪ್ರಶ್ನೆಯೇ ಇರಲಿಲ್ಲ, ನಾಯಿ ಇರುತ್ತಿತ್ತು. ಸಾಕಿದ್ದೆಂದರೆ ಗಂಜಿಯ ತಿಳಿಯನ್ನೂ ಬಂಗುಡೆಯ ತಲೆಯನ್ನೂ ಹಾಕಿದ್ದು. ಮಳೆಗಾಲದ ರಾತ್ರಿ ಅದು ಬಚ್ಚಲೊಲೆಯ ಬಿಸಿಬೂದಿಯಲ್ಲಿ ಮುದುಡಿಕೊಳ್ಳುತ್ತಿತ್ತು. ಮನೆಯೊಳಗೆ ಅದಕ್ಕೆ ಒಂದಡಿ ಜಾಗವೂ ಇರಲಿಲ್ಲ, ಕಾಲಿಟ್ಟರೆ ಕೊಳ್ಳಿಯೇಟು. ಹಳೆಯ ಕಾಲದವರು ನಾಯಿಯನ್ನು ನಮಗಿಂತ ಹೆಚ್ಚು ಪ್ರೀತಿಸುತ್ತಿದ್ದರೆಂದು ಯಾರಾದರೂ ಹೇಳಿದರೆ ನಾನು ನಂಬುವವನಲ್ಲ. ಆದರೆ ಆ ನಾಯಿಗೆ ಕೆಲಸವಿತ್ತು. ಗದ್ದೆಗೆ ಬರುವ ಹಂದಿ, ಕೋಳಿಗೆ ಬರುವ ನರಿ, ಅಂಗಳಕ್ಕೆ ಬರುವ ಕಳ್ಳ. ಹಗಲು ತಿರುಗಾಟ, ಇರುಳು ಕಾವಲು.

ಇದಲ್ಲದೆ ವರ್ಷಕ್ಕೊಮ್ಮೆ ಕೆಡ್ಡಸದ ಬೋಂಟೆ. ಮಕರ ಮಾಸದ ಕೊನೆಯಲ್ಲಿ ಭೂಮಿತಾಯಿ ಮುಟ್ಟಾಗುವ ಮೂರು ದಿನ ನೆಲವನ್ನು ಅಗೆಯಬಾರದು, ಉಳಬಾರದು. ನೆಲದ ಕೆಲಸ ನಿಂತ ಆ ದಿನಗಳಲ್ಲಿ ಊರವರು ಒಟ್ಟುಗೂಡಿ ನಾಯಿಗಳೊಡನೆ ಗುಡ್ಡೆ ಹತ್ತುತ್ತಿದ್ದರು. ಹಂದಿಯ ಬೇಟೆಯೆಂಬುದು ಈ ನಾಡಿನಲ್ಲಿ ಎಷ್ಟು ದೊಡ್ಡ ಸಂಗತಿಯಾಗಿತ್ತೆಂಬುದಕ್ಕೆ ಕೋಟಿ ಚೆನ್ನಯರ ಪಾಡ್ದನವೇ ಸಾಕ್ಷಿ: ಕೊಂದ ಒಂದು ಹಂದಿ ಯಾರ ಪಾಲಿಗೆ ಸಲ್ಲಬೇಕೆಂಬುದರಿಂದಲೇ ಪಂಜಕ್ಕೂ ಎಣ್ಮೂರಿಗೂ ಯುದ್ಧ ಹತ್ತಿಕೊಳ್ಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ಬೇಟೆ ಅಪರಾಧವಾಯಿತು. ಆಗಲೇಬೇಕಿತ್ತು. ಮಣಲೆರನ ಕಾಲದಿಂದ ನಡೆದುಬಂದ ನಾಯಿಯ ಹಳೆಯ ಉದ್ಯೋಗವೊಂದು ಅಂದಿಗೆ, ಕಾನೂನಿನ ಮಟ್ಟಿಗಾದರೂ, ಮುಗಿಯಿತು.

ನೆಲದ ಕತೆಯೂ ಆ ವೇಳೆಗೇ ಬದಲಾಗುತ್ತಿತ್ತು. 1949ರ ಮದ್ರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳಿಂದ ದೊಡ್ಡ ಕುಟುಂಬಗಳು ಪಾಲಾದವು. 1974ರ ಭೂಸುಧಾರಣೆ ಉಳುವವನ ಕೈಗೆ ಹೊಲ ಕೊಟ್ಟಿತು. ನನ್ನ ಅಜ್ಜನೂ ಒಬ್ಬ ಚಾಲಗೇಣಿ ಒಕ್ಕಲು. ಆ ಕಾಯಿದೆಯಿಲ್ಲದಿದ್ದರೆ ನಾನು ಶಾಸನ ಓದುವ ಕಡೆಗೆ ಬರುತ್ತಿರಲಿಲ್ಲ. ಆದ್ದರಿಂದ ಹಳೆಯ ವಿಸ್ತಾರವಾದ ಅಂಗಳಗಳಿಗಾಗಿ ನಿಟ್ಟುಸಿರು ಬಿಡುವ ಹಕ್ಕು ನನಗಿಲ್ಲ. ಅಜ್ಜನ ಗದ್ದೆ ಮಕ್ಕಳಿಗೆ ಪಾಲಾಯಿತು, ಮೊಮ್ಮಕ್ಕಳಿಗೆ ಸೆಂಟ್ಸಾಯಿತು. ಮುಂದೆ ಹೆದ್ದಾರಿ ಅಗಲವಾಗಿ ನಾಲ್ಕು ಸಾಲಿನದಾಯಿತು. ಬೆಳಿಗ್ಗೆ ಬಿಟ್ಟ ನಾಯಿ ಸಂಜೆಗೆ ತಿರುಗಿ ಬರುತ್ತದೆಂಬ ಭರವಸೆ ಹೋಯಿತು. ಪಾಗಾರ ಎದ್ದಿತು, ಗೇಟು ಬಂತು, ಸರಪಳಿ ಬಂತು. ನಮ್ಮ ನಾಯಿಗಳು ಮನೆಮಂದಿಯಾದದ್ದೂ ಕೈದಿಗಳಾದದ್ದೂ ಒಂದೇ ಸಲ.

ಆದರೆ ಇಕ್ಕಟ್ಟು ಎಂಬುದು ಕಾಪುವಿಗೆ ಮಾತ್ರ ಮೀಸಲೆ? ಇದಕ್ಕೆ ಉತ್ತರ ನನಗೆ ದೊರೆತದ್ದು ಮುಧೋಳದ ಸೀಮೆಯಲ್ಲಿ. ರನ್ನನ ಹುಟ್ಟೂರನ್ನು ನೋಡಬೇಕೆಂದು ಹೋಗಿದ್ದೆ. ಬಳೆಗಾರರ ಕುಲದಲ್ಲಿ ರನ್ನನು ಹುಟ್ಟಿದ್ದು ಕೂಡ ಸೌಮ್ಯ ಸಂವತ್ಸರದಲ್ಲಿ, ಎಂದರೆ ಆತಕೂರಿನ ಕಲ್ಲಿನಲ್ಲಿ ಕಾಣುವ ವರ್ಷದಲ್ಲಿಯೇ. ಒಂದೇ ವರ್ಷ ಅಲ್ಲೊಬ್ಬ ಮಹಾಕವಿ, ಇಲ್ಲೊಂದು ನಾಯಿ ಕನ್ನಡಕ್ಕೆ ದಕ್ಕಿದುವೆಂದು ನಾನು ತರಗತಿಯಲ್ಲಿ ಹೇಳಿದಾಗ ಹುಡುಗರು ನಗುತ್ತಾರೆ. ಮುಧೋಳದ ಹೆಸರನ್ನು ಇಂದು ಲೋಕಕ್ಕೆ ಸಾರುತ್ತಿರುವುದು ಕವಿಗಿಂತ ಹೆಚ್ಚಾಗಿ ನಾಯಿಯೇ ಎಂಬುದು ಕನ್ನಡ ಅಧ್ಯಾಪಕನು ನುಂಗಿಕೊಳ್ಳಬೇಕಾದ ಸತ್ಯ. ಆ ಸೀಮೆಯ ಬೇಡರೂ ಕುರುಬರೂ ಸಾಕಿಕೊಂಡು ಬಂದ ಈ ಬೇಟೆನಾಯಿಗಳನ್ನು ಅಲ್ಲಿಯ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಮೆಚ್ಚಿ ತಳಿಯನ್ನು ಬೆಳೆಸಿದರು. ಇಂಗ್ಲೆಂಡಿಗೆ ಹೋದಾಗ ಐದನೆಯ ಜಾರ್ಜ್ ದೊರೆಗೆ ಮರಿಗಳನ್ನು ಕಾಣಿಕೆಯಾಗಿತ್ತರೆಂದು ಹೇಳುತ್ತಾರೆ. 2005ರಲ್ಲಿ ಅಂಚೆಯ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿಯನ್ನು ತಂದಿತು. 2016ರಲ್ಲಿ ಇವುಗಳ ಮರಿಗಳು ಮೀರತ್ತಿನ ಸೇನಾ ಕೇಂದ್ರಕ್ಕೆ ತರಬೇತಿಗಾಗಿ ಹೋದವು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾನಿಲಯದ ಶ್ವಾನ ಸಂಶೋಧನಾ ಕೇಂದ್ರವಿದೆ.

ನಾನು ನೋಡಿದ ಮನೆ ಇವಾವುವೂ ಅಲ್ಲ. ಬೀದಿಯಲ್ಲಿ ಸಾಲಾಗಿ ಗೋಡೆ ಕೂಡಿದ ಮಾಳಿಗೆ ಮನೆಗಳು. ಒಂದರ ಮುಂದಿನ ಕಟ್ಟೆಯ ಮೇಲೆ ಮೂರು ನಾಯಿ, ಒಳಗೆ ಎರಡು ಎಮ್ಮೆ, ಒಟ್ಟು ಮನೆಯೇ ನಮ್ಮ ಆರು ಸೆಂಟ್ಸಿನ ಅರ್ಧವಿರಲಾರದು. ಆ ನಾಯಿಗಳು ಸತ್ತಂತೆ ಮಲಗಿದ್ದವು. ನಾನು ಹತ್ತಿರ ಹೋದರೆ ಒಂದು ಮಾತ್ರ ಕಣ್ಣು ಬಿಟ್ಟು ಮುಚ್ಚಿತು. ನಮ್ಮ ಮನೆಯವು ಇದೇ ತಳಿಯವೆ ಎಂದು ನನಗೆ ಸಂಶಯ ಬಂತು. ಜಾಗದ ಮಾತೆತ್ತಿದ್ದಕ್ಕೆ ಯಜಮಾನನು ನಕ್ಕು, "ಸರ್ರ, ಮನಿ ಎಷ್ಟ ದೊಡ್ಡದಿದ್ರೇನ್ರಿ ಇದಕ್ಕ? ಮುಂಜಾನೆ ಓಡ್ಸಲಿಲ್ಲಂದ್ರ ಅರಮನ್ಯಾಗ ಇಟ್ರೂ ಹಾಸಿಗಿ ಹರೀತದ" ಎಂದನು. ಸಂಜೆ ಅವನ ಮಗ ಮೋಟಾರು ಸೈಕಲಿನಲ್ಲಿ ಎರೆಹೊಲದ ದಾರಿ ಹಿಡಿದಾಗ ಆ ಸತ್ತಂತಿದ್ದ ಪ್ರಾಣಿಗಳು ಎದ್ದವು. ಅವುಗಳ ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುವುದನ್ನು ನೋಡಿದವರು ಮರೆಯಲಾರರು. ಅರ್ಧ ಗಂಟೆಯೊಳಗೆ ತಿರುಗಿ ಬಂದು, ನೀರು ಕುಡಿದು, ಅದೇ ಕಟ್ಟೆಯ ಮೇಲೆ ಅದೇ ರೀತಿ ಬಿದ್ದುಕೊಂಡವು.

ನನ್ನ ಮಟ್ಟಿಗೆ ಗಂಟು ಅಲ್ಲಿ ಬಿಚ್ಚಿತು. ನಾಯಿಗೆ ಬೇಕಾದ ಜಾಗವನ್ನು ನಾವು ಮನೆಯ ಅಳತೆಯಲ್ಲಿ ಹುಡುಕುತ್ತಿದ್ದೇವೆ. ಆ ಜಾಗ ಎಂದೂ ಮನೆಯದಾಗಿರಲಿಲ್ಲ. ಗುತ್ತಿನ ಮನೆಯಲ್ಲಿ ಅದಕ್ಕೆ ಬೂದಿಯ ಗುಂಡಿ, ಮುಧೋಳದಲ್ಲಿ ಕಟ್ಟೆಯ ಮೂಲೆ. ವಲಸೆ ಹೋಗುವ ಕುರುಬನಿಗಂತೂ ಮನೆಯೇ ಇಲ್ಲ, ಕುರಿಹಟ್ಟಿಯ ಸುತ್ತ ನಾಯಿಗಳುಂಟು. ಮಲಗುವ ಜಾಗ ಎಲ್ಲೆಲ್ಲೂ ಗೇಣುದ್ದ. ಓಡುವ ಜಾಗ ಊರಿನದು. ನಾವು ಊರಿನ ಜಾಗವನ್ನು ಕಿತ್ತುಕೊಂಡು, ಮಲಗುವ ಜಾಗವನ್ನು ಸ್ವಲ್ಪ ಹೆಚ್ಚಿಸಿ, ಮೇಲೆ ಸಿಮೆಂಟು ಬಳಿದಿದ್ದೇವೆ.

ಎಲ್ಲ ನಾಯಿಗೂ ಒಂದೇ ಓಟವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಲ್ಯಾಣ ಚಾಳುಕ್ಯರ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ನಡುವೆ ಸಾರಮೇಯ ವಿನೋದಕ್ಕೆ ಪ್ರತ್ಯೇಕವಾದ ಸ್ಥಾನವಿದೆ. ಸರಮೆಯ ಮಕ್ಕಳು ಸಾರಮೇಯರು. ಇಂದ್ರನಿಗಾಗಿ ಪಣಿಗಳ ಗವಿಯಿಂದ ಕದ್ದ ಹಸುಗಳನ್ನು ಪತ್ತೆಹಚ್ಚಿದ ಋಗ್ವೇದದ ಹೆಣ್ಣುನಾಯಿಯೇ ಸರಮೆ. ನಾಯಿಗೆ ವಂಶಗೌರವ ಬಂದದ್ದೂ ಕೆಲಸದಿಂದಲೇ ಎಂದಾಯಿತು. ಮುಧೋಳದ್ದು ಕಣ್ಣಿನಿಂದ ಬೇಟೆಯಾಡುವ ನಾಯಿ: ಸ್ವಲ್ಪ ಹೊತ್ತು ಬಾಣದಂತೆ ಓಡುತ್ತದೆ, ದಿನವೆಲ್ಲ ನಿದ್ರಿಸುತ್ತದೆ. ಆದ್ದರಿಂದ ಇಕ್ಕಟ್ಟಿನ ಮನೆಗೆ ಅದು ನೋಡುವವರು ಹೆದರುವಷ್ಟು ಕಷ್ಟದ್ದಲ್ಲ. ಜರ್ಮನ್ ಶೆಫರ್ಡ್ ಹಾಗಲ್ಲ. ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಜರ್ಮನ್ ಸೇನಾಧಿಕಾರಿ 1899ರಲ್ಲಿ ಆ ತಳಿಗೆ ಅಡಿಪಾಯ ಹಾಕಿದ್ದು ಕುರಿ ಕಾಯುವ ನಾಯಿಗಳಿಂದ. ಹಗಲಿಡೀ ಮಂದೆಯ ಸುತ್ತ ಕುಕ್ಕುಲೋಟದಲ್ಲಿ ತಿರುಗುವುದು, ಒಡೆಯನ ಸನ್ನೆ ನೋಡುವುದು ಅದರ ಹುಟ್ಟುಗುಣ. ಅದಕ್ಕೆ ಕಾಲಿಗಷ್ಟೇ ಅಲ್ಲ, ತಲೆಗೂ ಕೆಲಸ ಬೇಕು. ಕುರಿಯಿಲ್ಲದಿದ್ದರೆ ಅದು ಪಕ್ಕದ ಮನೆಯವರನ್ನೇ ಮಂದೆಯೆಂದು ತಿಳಿಯುತ್ತದೆ. ನಮ್ಮಲ್ಲಿ ರಾತ್ರಿ ಬೊಬ್ಬೆಗೆ ನಾಂದಿ ಹಾಡುತ್ತಿದ್ದವನು ಅವನೇ.

ಬರಿಯ ಜಾಗದಿಂದ ನಾಯಿಗೆ ಸುಖವಾಗುವುದಾದರೆ ಜುನಾಗಢದ ನವಾಬ ಮಹಾಬತ್ ಖಾನರ ನಾಯಿಗಳೇ ಸುಖಿಗಳು. ನೂರಾರು ನಾಯಿಗಳಿಗೆ ಬೇರೆ ಬೇರೆ ಕೋಣೆ, ಆಳುಕಾಳು. 1947ರಲ್ಲಿ ಸಂಸ್ಥಾನ ಬಿಟ್ಟು ಕರಾಚಿಗೆ ವಿಮಾನವೇರಿದಾಗಲೂ ನಾಯಿಗಳನ್ನು ಕೊಂಡೊಯ್ದರೆಂದು ಕತೆ. ಪ್ರಜೆಗಳಿಗೆ ಆ ವಿಮಾನದಲ್ಲಿ ಜಾಗವಿರಲಿಲ್ಲ.

ನಮ್ಮ ಕಾನೂನು ಮಾತ್ರ, ಆಶ್ಚರ್ಯವೆಂದರೆ, ಕೋಣೆಗಿಂತ ಓಟದ ಕಡೆಗೆ ಕಣ್ಣಿಟ್ಟಿದೆ. ಭರತನಾಟ್ಯದ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯ ಸದಸ್ಯೆಯಾಗಿದ್ದಾಗ ಪ್ರಾಣಿಗಳ ಪರವಾಗಿ ಮಸೂದೆಯೊಂದನ್ನು ತಂದರು. ಅದರ ಫಲವಾಗಿ ಹುಟ್ಟಿದ್ದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ. ಅದರ 11ನೆಯ ಕಲಮು ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದನ್ನು ಅಪರಾಧವೆಂದು ಹೇಳಿ ಸುಮ್ಮನಾಗುವುದಿಲ್ಲ. ಸದಾ ಕಟ್ಟಿಟ್ಟ ಅಥವಾ ಇಕ್ಕಟ್ಟಿನಲ್ಲಿ ಕೂಡಿಟ್ಟ ನಾಯಿಗೆ ತಕ್ಕಷ್ಟು ಓಡಾಟ ಮಾಡಿಸದ ಒಡೆಯನೂ ಹಿಂಸೆ ಮಾಡಿದವನೇ ಎನ್ನುತ್ತದೆ. ನಾಯಿಯನ್ನು ಹೆಸರಿಸಿಯೇ ಹೇಳಿದ ಮಾತಿದು. ಮೊದಲ ಸಲದ ತಪ್ಪಿಗೆ ಹತ್ತರಿಂದ ಐವತ್ತು ರೂಪಾಯಿ ದಂಡ. ಮಣಲೆರನ ಶಾಪಕ್ಕೆ ಹೋಲಿಸಿದರೆ ಇದು ತೀರ ಅಗ್ಗ. ಗೊರವನಿಗಾದರೆ ಊಟವೇ ಪಾಪವಾಗುತ್ತಿತ್ತು.

ಕಾಪುವಿನಲ್ಲಿ ಎರೆಹೊಲದ ದಾರಿಯಿಲ್ಲ, ಕಡಲ ತೀರವಿದೆ. ಬೇಸಗೆಯಲ್ಲಿ ನೀರು ಇಳಿದಾಗ 1901ರ ದೀಪಸ್ತಂಭದ ಆಚೀಚೆ ಒದ್ದೆ ಹೊಯಿಗೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಸೈಕಲು ಓಡುತ್ತದೆ. ಮಗನು ಸೈಕಲಿನಲ್ಲಿ, ಮುಧೋಳದವು ಒಂದಾದ ಮೇಲೊಂದು ಹಗ್ಗದಲ್ಲಿ. ಶೆಫರ್ಡ್ ನನ್ನೊಡನೆ ನಿಧಾನವಾಗಿ, ಎಸೆದ ತೆಂಗಿನ ಮಡಲಿನ ತುಂಡನ್ನು ಹೊತ್ತು ತರುತ್ತ. ಬಿಟ್ಟು ಓಡಿಸುವಂತಿಲ್ಲ; ಮುಧೋಳದ ನಾಯಿ ಕಣ್ಣಿಗೆ ಬಿದ್ದುದನ್ನೆಲ್ಲ ಅಟ್ಟುತ್ತದೆ. ಕೈರಂಪಣಿಯವರು ಬಲೆ ಎಳೆಯುವುದಕ್ಕೆ ಮೊದಲೇ ನಾವು ತಿರುಗಿ ಬರಬೇಕು. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಸರಿಯುವುದರಿಂದ ನಮ್ಮ ಏಳುವ ಹೊತ್ತು ಈಗ ಗಡಿಯಾರದ್ದಲ್ಲ, ಚಂದ್ರನದು. ಒಮ್ಮೊಮ್ಮೆ ನಾಲ್ಕು ಗಂಟೆಗೇ ಹೊರಡುತ್ತೇವೆ. ಇಳಿತ ನಡುಹಗಲಿಗೆ ಬೀಳುವ ವಾರದಲ್ಲಿ ಗದ್ದೆಯ ಬದುವಿನ ಮೇಲೆ ನಡೆಸಿಕೊಂಡು ಬರುವುದೇ ಗತಿ. ಮನೆಯವಳು ನನಗೆ ಗೊರವನೆಂದು ಹೆಸರಿಟ್ಟಿದ್ದಾಳೆ. ಕಾಫಿ ಸಿಗುವುದು ತಿರುಗಿ ಬಂದ ಮೇಲೆ.

ಆರು ಸೆಂಟ್ಸಿನೊಳಗಿನ ವ್ಯವಸ್ಥೆ ಹೀಗಾಯಿತು: ಒಂದು ಮೆಟ್ಟಿಲ ಕೆಳಗೆ, ಒಂದು ಹಿಂದಿನ ಮಾಡಿನಡಿ, ಒಂದು ಜಗಲಿಯಲ್ಲಿ. ಊಟ ಮೂರಕ್ಕೂ ಬೇರೆ ಬೇರೆ ಕಡೆ, ಒಂದಕ್ಕೆ ಇನ್ನೊಂದರ ತಟ್ಟೆ ಕಾಣಬಾರದು, ಕಂಡರೆ ತಕ್ಕೋಲವೇ. ಸರಪಳಿಗಳನ್ನು ಬಾವಿಕಟ್ಟೆಯ ಮೊಳೆಗೆ ತೂಗುಹಾಕಿದೆ. ಎರಡು ವಾರ ಕಳೆದ ಮೇಲೆ ಪಕ್ಕದ ಮನೆಯಾಕೆ ಮಲ್ಲಿಗೆ ಕೊಯ್ಯುತ್ತ, "ಈಗ ಸ್ವಲ್ಪ ಅಡ್ಡಿಯಿಲ್ಲ ಮಾಷ್ಟ್ರೇ. ಇವರಿಗೆ ನಿನ್ನೆ ಒಂದು ನಿದ್ದೆ ಬಂತು. ಆ ದೊಡ್ಡದೊಂದು ಮಾತ್ರ ಮೂರು ಗಂಟೆಗೆ ಕೂಗುತ್ತದೆ" ಎಂದರು. ಮೂರು ಗಂಟೆಗೆ ಮೀನಿನ ಲಾರಿಗಳು ಹೆದ್ದಾರಿಯಲ್ಲಿ ಹೋಗುತ್ತವೆ. ಅದನ್ನು ಅವನಿಗೆ ಹೇಗೆ ತಿಳಿಸುವುದೋ ನನಗೆ ತೋರದು.

ಇನ್ನು ಮಳೆಗಾಲ. ಜೂನಿನಿಂದ ಕಡಲು ದೀಪಸ್ತಂಭದ ಬಂಡೆಗೆ ಬಡಿಯತೊಡಗಿದರೆ ಸೈಕಲಿಗೂ ನಾಯಿಗೂ ಹೊಯಿಗೆ ಉಳಿಯುವುದಿಲ್ಲ. ಮುಧೋಳದ ನಾಯಿಗಳಿಗೆ ಮಳೆ ಸೇರದು. ಹೊಳವಾದಾಗ ಶಾಲೆಯ ಮೈದಾನದಲ್ಲಿ ಒಂದಿಷ್ಟು ಓಡಿದರೆ ಅವುಗಳ ದಿನ ಕಳೆದೀತು. ಶೆಫರ್ಡನನ್ನು ಆಟಿಯ ಮೊದಲೇ ಕಾರ್ಕಳದ ಬಳಿ ನನ್ನ ಭಾವನ ತೋಟಕ್ಕೆ ಕಳುಹಿಸುವುದೆಂದು ನಿಶ್ಚಯವಾಗಿದೆ. ಅಲ್ಲಿ ಅಡಕೆ ತೋಟಕ್ಕೆ ಹಂದಿಗಳ ಕಾಟವುಂಟು. ಬೇಟೆಯಲ್ಲದಿದ್ದರೂ ಬೊಗಳಿ ಓಡಿಸುವ ಉದ್ಯೋಗ ಅವನಿಗೆ ಸಿಗುತ್ತದೆ. ಸೋಣ ಕಳೆದು ಕಡಲು ತಗ್ಗಿದ ಮೇಲೆ ಕರೆತರಬೇಕೆಂದು ಮಗನ ಹಟ. ಭಾವನಿಗೆ ಕೇಳಿದರೆ, "ಬರಲಿ ಬಾವ, ಆಮೇಲೆ ನೋಡುವ" ಎನ್ನುತ್ತಾರೆ.